ಓಒಡಿ (ಆನ್ ಅದರ್ ಡ್ಯೂಟಿ) ಮೇಲೆ ಬನ್ನಿ, ನಿಯೋಜನೆ ಆದೇಶ ಆಮೇಲೆ ನೋಡೋಣ ಎನ್ನುತ್ತಿದ್ದಾರೆ. ಹೋಗಬಹುದಾ?

ಯಶವಂತಪುರ ಎಫ್‌ಡಿಎ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಸೇರಿ ಒಂಬತ್ತು ವರ್ಷ ಆಯಿತು. ಕಚೇರಿ ಎಂ.ಎಸ್. ಬಿಲ್ಡಿಂಗ್‌ನಲ್ಲಿ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವಲ್ಲ, ಆಮೇಲೆ ನನ್ನ ಕಿವಿಗಂತೂ ಅಲ್ಲಿ ಜನ ಬೇಕು, ಇಲ್ಲಿ ಜನ ಬೇಕು ಎನ್ನುವ ಮಾತೇ ಬೀಳುತ್ತಿದೆ. ನನ್ನ ಹಳೆಯ ಮೇಲಧಿಕಾರಿ ಒಬ್ಬರು ಈಗ ನಗರದ ಒಂದು ಸಂಸ್ಥೆಯಲ್ಲಿದ್ದಾರೆ. ಲೆಕ್ಕಪತ್ರ ಶಾಖೆಗೆ ನಂಬಿಕಸ್ತರು ಬೇಕು, ಮೂರು ವರ್ಷ ನಿಯೋಜನೆ (ಡೆಪ್ಯುಟೇಷನ್) ಮೇಲೆ ಬಾ ಎಂದು ಕರೆದರು. ನನಗೂ ಆಸೆ ಇದೆ. ಒಂಬತ್ತು ವರ್ಷದಿಂದ ಒಂದೇ ಟೇಬಲ್, ಒಂದೇ ಥರದ ಟಪಾಲು. ಟೆಂಡರು, ಬಿಲ್ಲು, ಆಡಿಟ್ ಎಲ್ಲ ಕಲಿಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ಆದರೆ ಅಲ್ಲಿನ ಕಚೇರಿಯವರು ಬೇರೆಯೇ ಹೇಳುತ್ತಾರೆ. ನಿಯೋಜನೆ ಕಡತ ಓಡಾಡಿ ಆದೇಶ ಆಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಸದ್ಯಕ್ಕೆ ಓಒಡಿ ಮೇಲೆ ಬಂದುಬಿಡಿ, ಸಂಬಳ ಹಳೇ ಕಚೇರಿಯಲ್ಲೇ ಆಗಲಿ, ಆದೇಶ ಆಮೇಲೆ ನೋಡೋಣ ಅಂತ.

ನನಗೆ ಭಯ ಇರುವುದು ಇಲ್ಲೇ. ನಮ್ಮ ಶಾಖೆಯ ಒಬ್ಬ ಅಕ್ಕ ಹೀಗೇ ಹೋಗಿದ್ದರು. ಎರಡು ವರ್ಷ ಬಿಟ್ಟು ವಾಪಸ್ ಬಂದಾಗ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಐದು ತಿಂಗಳು ಸ್ಥಳ ತೋರಿಸಲಿಲ್ಲ. ಅಷ್ಟೂ ದಿನ ಸಂಬಳ ಇಲ್ಲ. ದಿನಾ ಹತ್ತು ಗಂಟೆಗೆ ಬುತ್ತಿ ಕಟ್ಟಿಕೊಂಡು ಬಂದು ಆಡಳಿತ ಶಾಖೆಯ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಅವರನ್ನು ದಾಟಿಕೊಂಡು ನಾವು ಕಾಫಿಗೆ ಹೋಗುತ್ತಿದ್ದೆವು. ಅದು ಇನ್ನೂ ಕಣ್ಣ ಮುಂದೆ ಇದೆ.

ಓಒಡಿಗೂ ನಿಯೋಜನೆಗೂ ನಿಜವಾಗಿ ಏನು ವ್ಯತ್ಯಾಸ? ಸೀನಿಯಾರಿಟಿ, ಮುಂಬಡ್ತಿ, ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಏನಾಗುತ್ತದೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಿವೃತ್ತ ಅಧೀಕ್ಷಕ, ರಾಜಾಜಿನಗರ

ಅಮ್ಮಾ, ನಾನು ಸೇವೆಯ ಬಹುಪಾಲು ಆಡಳಿತ ಶಾಖೆಯಲ್ಲೇ ಕಳೆದವನು. ಇಂಥ ಕಡತ ಎಷ್ಟು ಮಂಡಿಸಿದ್ದೇನೋ ಲೆಕ್ಕ ಇಲ್ಲ. ನಿಯೋಜನೆಗೆ ಹೋಗಿ, ಓಒಡಿಗೆ ಹೋಗಬೇಡಿ.

ಓಒಡಿ ಎಂದರೆ ಅನ್ಯ ಕಾರ್ಯ ನಿಮಿತ್ತ. ಹುದ್ದೆ ಇಲ್ಲಿ, ಸಂಬಳ ಇಲ್ಲಿ, ಕೆಲಸ ಮಾತ್ರ ಬೇರೆ ಕಡೆ. ಚುನಾವಣೆ ಕೆಲಸಕ್ಕೆ ನಾಲ್ಕು ದಿನ, ತರಬೇತಿಗೆ ಒಂದು ವಾರ, ಹೀಗೆ ಹೋಗಿ ಬರುವುದಕ್ಕೆ ಅದು ಸರಿ. ಮೂರು ವರ್ಷಕ್ಕೆ ಅಲ್ಲ. ಅಲ್ಲಿ ನಿಮ್ಮ ಹೆಸರಿಗೆ ಹುದ್ದೆಯೇ ಇರುವುದಿಲ್ಲ. ನೀವು ಹೋಗುತ್ತಿರುವುದು ಲೆಕ್ಕಪತ್ರ ಶಾಖೆಗೆ, ನೆನಪಿಡಿ. ನೀವು ಪರಿಶೀಲಿಸಿ ಸಹಿ ಮಾಡಿದ ಬಿಲ್ಲಿಗೆ ನಾಳೆ ಆಡಿಟ್ ಆಕ್ಷೇಪಣೆ ಬಂದರೆ, ಯಾವ ಹುದ್ದೆಯಲ್ಲಿ ಕೂತು ಸಹಿ ಮಾಡಿದಿರಿ ಎಂದು ಕೇಳುತ್ತಾರೆ. ನಿಮ್ಮ ಹತ್ತಿರ ತೋರಿಸುವುದಕ್ಕೆ ಒಂದು ಕಾಗದ ಇರುವುದಿಲ್ಲ. ಕರೆದ ಅಧಿಕಾರಿ ಅಷ್ಟರಲ್ಲಿ ವರ್ಗ ಆಗಿ ಹೋಗಿರುತ್ತಾರೆ.

ನಿಯೋಜನೆಗೆ ಮೂರು ಜನರ ಒಪ್ಪಿಗೆ ಬೇಕು. ಕೊಡುವ ಇಲಾಖೆ, ಪಡೆಯುವ ಸಂಸ್ಥೆ, ಹೋಗುವ ನೌಕರ. ಸುಪ್ರೀಂ ಕೋರ್ಟ್ 1999ರಲ್ಲಿ ಬಿಹಾರದ ಉಮಾಪತಿ ಚೌಧರಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮೂರಲ್ಲಿ ಉಳುಮೆಗೆ ಎತ್ತು ಎರವಲು ಕೊಡುವಾಗಲೂ ಯಾವತ್ತು ವಾಪಸ್, ಮೇವು ಯಾರದ್ದು, ಕಾಲಿಗೆ ಪೆಟ್ಟಾದರೆ ಯಾರು ನೋಡಬೇಕು ಎಂದು ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಮನುಷ್ಯರನ್ನು ಕಳಿಸುವಾಗ ಆ ಮಾತು ಬಾಯಲ್ಲೇ ಮುಗಿದುಹೋಗುವುದು ನೋಡಿ ನೋಡಿ ನನಗೆ ಬೇಸರವಾಗಿದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋದರೆ ಸಂಬಳ ಬರುವುದು ಅದೇ ಸರ್ಕಾರದ ಸಂಚಿತ ನಿಧಿಯಿಂದ. ಪಾಲಿಕೆ, ಮಂಡಳಿ, ನಿಗಮ ಎಂದರೆ ಅದರದ್ದೇ ಬೇರೆ ನಿಧಿ. ಅದನ್ನು ಕೆಸಿಎಸ್‌ಆರ್‌ನಲ್ಲಿ, ಅಂದರೆ ರಾಜ್ಯ ನೌಕರರ ಸೇವಾ ನಿಯಮಗಳಲ್ಲಿ, ಅನ್ಯ ಸೇವೆ ಎನ್ನುತ್ತಾರೆ. ಅಲ್ಲಿ ಇರುವಷ್ಟು ದಿನ ನಿಮ್ಮ ಪಿಂಚಣಿ ಭಾಗ, ರಜೆ ಸಂಬಳದ ಭಾಗ ಯಾರು ಕಟ್ಟಬೇಕು ಎನ್ನುವುದು ಆದೇಶದಲ್ಲೇ ಬರೆದಿರಬೇಕು. ಎಷ್ಟು ಅವಧಿ, ಯಾವ ಹುದ್ದೆಗೆ ಎದುರಾಗಿ, ಯಾವ ವೇತನ ಶ್ರೇಣಿ, ಇವೂ ಇರಬೇಕು. ಆದೇಶದ ಆ ಷರತ್ತುಗಳ ಪುಟವನ್ನು ಯಾರೂ ಓದುವುದಿಲ್ಲ. ನೀವು ಓದಿ.

ಸೀನಿಯಾರಿಟಿ ಮಾತೃ ಇಲಾಖೆಯ ಪಟ್ಟಿಯಲ್ಲೇ ಇರುತ್ತದೆ, ಹೋಗುವುದಿಲ್ಲ. ಲೀನ್, ಅಂದರೆ ಮೂಲ ಹುದ್ದೆಯ ಮೇಲಿನ ಹಕ್ಕು, ಇಲ್ಲೇ ಉಳಿಯುತ್ತದೆ. ನೀವು ಹೊರಗೆ ಇದ್ದೀರಿ ಎನ್ನುವ ಒಂದೇ ಕಾರಣಕ್ಕೆ ನಿಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟು ನಿಮ್ಮನ್ನು ಬಿಡುವಂತಿಲ್ಲ. ಆದರೆ ಕಣ್ಣಿಗೆ ಕಾಣದವರನ್ನು ಇಲಾಖೆ ಮರೆಯುತ್ತದೆ. ಕರಡು ಜ್ಯೇಷ್ಠತಾ ಪಟ್ಟಿ ಬಂದಿದೆ ಎಂದು ನಿಮಗೆ ಯಾರೂ ಫೋನ್ ಮಾಡುವುದಿಲ್ಲ, ಆಕ್ಷೇಪಣೆ ದಿನ ಮುಗಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಮೆಟ್ಟಿಲು ಹತ್ತಬೇಕು. ಆ ಅಕ್ಕನ ವಿಷಯದಲ್ಲೂ ಹೀಗೇ ಆಗಿರಬೇಕು, ವಾಪಸಾತಿ ಆದೇಶಕ್ಕೂ ಸ್ಥಳ ನಿಯುಕ್ತಿಗೂ ಸಂಬಂಧವೇ ಇಲ್ಲದ ಹಾಗೆ ಎರಡು ಕಡತ ಎರಡು ಕಡೆ ನಡೆದಿರುತ್ತವೆ.

ಪ್ರೊಬೇಷನ್ ಮುಗಿಸಿದ ಘೋಷಣೆ ಆದೇಶ ಸೇವಾ ಪುಸ್ತಕದಲ್ಲಿ ಇದೆಯಾ? ಅಕೌಂಟ್ಸ್ ಹೈಯರ್ ಪಾಸ್ ಮಾಡಿದ್ದೀರಾ? ಇಲ್ಲದಿದ್ದರೆ ಇಲಾಖಾ ಪರೀಕ್ಷೆ ಮೊದಲು ಮುಗಿಸಿಕೊಳ್ಳಿ.

ಬನಶಂಕರಿ ಎಇಇ

ಅಧೀಕ್ಷಕರು ಹೇಳಿದ್ದು ಅಷ್ಟೂ ಸರಿ. ನಾನು ನಾಲ್ಕು ವರ್ಷ ಒಂದು ಮಂಡಳಿಯಲ್ಲಿ ನಿಯೋಜನೆ ಮೇಲೆ ಇದ್ದವನು. ಯಾವ ಮಂಡಳಿ ಎಂದು ಬೇಡ.

ಮೇಡಂ, ನೀವು ಸೇರಿ ಒಂಬತ್ತು ವರ್ಷ ಎಂದರೆ ಎನ್‌ಪಿಎಸ್‌ನವರೇ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್ ಅಲ್ವಾ. ಇಲಾಖೆಯಲ್ಲಿ ಇರುವಾಗ ಸಂಬಳದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ ಆಗುತ್ತಿದ್ದಂತೆ ನಿಮ್ಮ ವಂತಿಗೆ, ಸರ್ಕಾರದ ವಂತಿಗೆ ಎರಡೂ ತಾನಾಗಿ ಪ್ರಾನ್ ಖಾತೆಗೆ, ಅಂದರೆ ನಿಮ್ಮ ಹೆಸರಿನ ಎನ್‌ಪಿಎಸ್ ಖಾತೆಗೆ ಹೋಗುತ್ತದೆ. ನನ್ನ ವಿಷಯದಲ್ಲಿ ಮಂಡಳಿ ನನ್ನ ಸಂಬಳದಿಂದ ಪ್ರತಿ ತಿಂಗಳೂ ಹಣ ಮುರಿದುಕೊಂಡಿತು. ಸಂಬಳದ ಚೀಟಿಯಲ್ಲಿ ಕಾಣುತ್ತಿತ್ತು. ನಾನು ನೆಮ್ಮದಿಯಾಗಿದ್ದೆ. ಒಂದು ದಿನ ಸುಮ್ನೆ ಪ್ರಾನ್ ಖಾತೆ ತೆಗೆದು ನೋಡಿದರೆ ಹದಿನಾಲ್ಕು ತಿಂಗಳಿಂದ ಒಂದು ರೂಪಾಯಿ ಜಮೆ ಆಗಿಲ್ಲ. ನನ್ನದೂ ಇಲ್ಲ, ಮಂಡಳಿಯ ಪಾಲೂ ಇಲ್ಲ. ಲೆಕ್ಕ ಶಾಖೆಯಲ್ಲಿ ಕೇಳಿದರೆ ಹಣ ಡಿಪಾಸಿಟ್ ಖಾತೆಯಲ್ಲಿ ಇದೆ, ಯಾವ ಲೆಕ್ಕ ಶೀರ್ಷಿಕೆಗೆ ಕಟ್ಟಬೇಕು ಎಂದು ನಿಮ್ಮ ಇಲಾಖೆ ತಿಳಿಸಿಲ್ಲ ಎಂದರು. ಇಲಾಖೆಯಲ್ಲಿ ಕೇಳಿದರೆ ಅದು ಮಂಡಳಿಯ ಕೆಲಸ ಎಂದರು. ಎರಡು ಕಚೇರಿಗೂ ನಡುವೆ ಅಷ್ಟು ದೂರವೂ ಇಲ್ಲ, ಆದರೆ ಪತ್ರ ಹೋಗಿ ಉತ್ತರ ಬರಲು ಎರಡೆರಡು ತಿಂಗಳು. ಕೊನೆಗೆ ಹಣ ಬಂತು. ಆ ಹದಿನಾಲ್ಕು ತಿಂಗಳು ಮಾರುಕಟ್ಟೆಯಲ್ಲಿ ಬೆಳೆಯಬೇಕಿದ್ದ ಹಣ ಬೆಳೆಯಲಿಲ್ಲ. ಅದನ್ನು ಯಾರೂ ತುಂಬಿಕೊಡಲಿಲ್ಲ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಕಂತಿನಲ್ಲೂ ಹೀಗೇ ಎರಡು ಮೂರು ತಿಂಗಳು ಬಿಟ್ಟುಹೋಗಿತ್ತು.

ಆದ್ದರಿಂದ ಹೋದ ಮೊದಲ ತಿಂಗಳಿಂದಲೇ ಪ್ರಾನ್ ಖಾತೆ ನೋಡಿ. ಎರಡನೇ ತಿಂಗಳೂ ಜಮೆ ಇಲ್ಲ ಎಂದರೆ ಲಿಖಿತವಾಗಿ ಕೊಡಿ. ಫೋನಿನಲ್ಲಿ ಬೇಡ.

ಇಷ್ಟೆಲ್ಲ ಆಗಿಯೂ ನಾನು ಹೋಗಬೇಡಿ ಎನ್ನುವುದಿಲ್ಲ. ಇಲಾಖೆಯಲ್ಲಿ ನಾನು ಹತ್ತು ವರ್ಷ ಬರೀ ಅಂದಾಜು ಪಟ್ಟಿ ಬರೆದಿದ್ದೆ. ಅಲ್ಲಿ ಪೈಪ್‌ಲೈನು, ಕೇಬಲ್ಲು, ರಸ್ತೆ ಅಗೆತ, ಜನರ ಜಗಳ, ಎಲ್ಲ ಒಂದೇ ಬೀದಿಯಲ್ಲಿ ಕಲಿತೆ. ವಿಶ್ವೇಶ್ವರಯ್ಯನವರು ಮುಂಬೈ ಸರ್ಕಾರದ ಎಂಜಿನಿಯರ್ ಆಗಿದ್ದಾಗ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಊರಿನ ಕುಡಿಯುವ ನೀರಿನ ಕೆಲಸಕ್ಕೆ ಕಳಿಸಿದ್ದರು, ಆಮೇಲೆ ಏಡನ್‌ಗೂ ಕಳಿಸಿದರು. ಇನ್ನೊಬ್ಬರ ಊರಿನ ಸಮಸ್ಯೆ ಬಿಡಿಸಿದವರಿಗೆ ಸಿಗುವ ಅನುಭವ ಸ್ವಂತ ಟೇಬಲ್‌ನಲ್ಲಿ ಸಿಗುವುದಿಲ್ಲ. ನಮ್ಮ ಮೆಟ್ರೋನೇ ನೋಡಿ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಅದರ ಹಿಂದೆ ರೈಲ್ವೆಯಿಂದ, ಬೇರೆ ಇಲಾಖೆಗಳಿಂದ ಎರವಲು ಬಂದವರ ದುಡಿಮೆ ಎಷ್ಟಿತ್ತು.

ಕೋರಮಂಗಲ ಕೇಂದ್ರ ನೌಕರ

ಕೇಂದ್ರದಲ್ಲಿ ಇದೆಲ್ಲ ಸ್ವಲ್ಪ ಕಟ್ಟುನಿಟ್ಟು. 2010ರ ಜೂನ್‌ನ ಒಂದು ಆದೇಶದಲ್ಲೇ ಬಹುತೇಕ ಎಲ್ಲ ಇದೆ. ಸಾಮಾನ್ಯವಾಗಿ ಮೂರು ವರ್ಷ, ಐದರವರೆಗೆ ವಿಸ್ತರಣೆ, ತುಂಬಾ ಅಗತ್ಯ ಇದ್ದರೆ ಏಳರವರೆಗೆ ಎಂದು 2016ರಲ್ಲಿ ಸೇರಿಸಿದರು. ಒಮ್ಮೆ ಹೋಗಿ ಬಂದರೆ ಮತ್ತೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಅದೇ ಊರಿನಲ್ಲಿ ಆದರೆ ಮೂಲ ವೇತನದ ಶೇ 5 ನಿಯೋಜನೆ ಭತ್ಯೆ, ಊರು ಬದಲಾದರೆ ಶೇ 10. ಇದಕ್ಕೆ 2017ರ ಜುಲೈನಿಂದ ತಿಂಗಳಿಗೆ 4,500 ಮತ್ತು 9,000 ರೂಪಾಯಿ ಮಿತಿ ಇತ್ತು, ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಆ ಮಿತಿ ಶೇ 25 ಏರುತ್ತದೆ. ಇದು ನಮಗೆ ಮಾತ್ರ, ರಾಜ್ಯದವರು ತಮ್ಮ ಆದೇಶವನ್ನೇ ನೋಡಬೇಕು.

ನನಗೆ ಇಷ್ಟವಾದ ನಿಯಮ ಒಂದಿದೆ. ಅವಧಿ ಮುಗಿದ ದಿನ, ವಿಸ್ತರಣೆ ಆದೇಶ ಕೈಯಲ್ಲಿ ಇಲ್ಲದಿದ್ದರೆ ನೌಕರ ಬಿಡುಗಡೆ ಆದ ಎಂದೇ ಲೆಕ್ಕ. ಮೇಲಧಿಕಾರಿ ಇರು ಎಂದ, ಇದ್ದೆ ಎಂದರೆ ನಡೆಯುವುದಿಲ್ಲ.

ಮತ್ತೆ ಯಶವಂತಪುರದವರೇ, ಅಲ್ಲೇ ಖಾಯಂ ಆಗಬಹುದು ಎಂದು ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ. ಸಿಆರ್‌ಪಿಎಫ್‌ನಿಂದ ಸಿಬಿಐಗೆ ನಿಯೋಜನೆ ಮೇಲೆ ಬಂದ ಒಬ್ಬರು ಅಲ್ಲೇ ವಿಲೀನ ಮಾಡಿ ಎಂದು ಕೇಳಿದ ಕುನಾಲ್ ನಂದಾ ಪ್ರಕರಣ ಇದೆ, 2000ನೇ ಇಸವಿಯದು. ಎಷ್ಟು ದಿನ ಇದ್ದರೂ ವಿಲೀನ ಹಕ್ಕಲ್ಲ, ಯಾವಾಗ ಬೇಕಾದರೂ ವಾಪಸ್ ಕಳಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಯಮದಲ್ಲೇ ವಿಲೀನಕ್ಕೆ ಅವಕಾಶ ಇದ್ದರೆ ಮಾತ್ರ ಬೇರೆ ಮಾತು.

ಪೀಣ್ಯದ ಅಕ್ಕ

ನಾನು ಸರ್ಕಾರಿ ನೌಕರಳಲ್ಲ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಇಷ್ಟು ಹೊತ್ತು ಎಲ್ಲರೂ ಹೋಗುವವರ ಬಗ್ಗೆ ಮಾತಾಡಿದಿರಿ. ಬಿಟ್ಟುಹೋದ ಕುರ್ಚಿ ಮುಂದೆ ನಿಂತವರ ಬಗ್ಗೆ ಒಂದು ಮಾತು ಹೇಳಲೇ?

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಇದ್ದರು. ಒಳ್ಳೆಯ ಮನುಷ್ಯ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಿದ್ದರು. ಒಂದು ದಿನ ಹೋದರೆ ಬೀಗ. ನಿಯೋಜನೆ ಮೇಲೆ ಬೇರೆ ಕಡೆ ಹೋಗಿದ್ದಾರೆ ಎಂದರು. ಬೇರೆಯವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಹುದ್ದೆ ಖಾಲಿ ಇಲ್ಲವಲ್ಲ, ಹೇಗೆ ಬರುತ್ತಾರೆ ಎಂದರು. ನನಗೆ ಅರ್ಥವೇ ಆಗಲಿಲ್ಲ. ಮನುಷ್ಯ ಇಲ್ಲ, ಆದರೆ ಹುದ್ದೆ ಭರ್ತಿ. ಈಗ ಅಧೀಕ್ಷಕರು ಓಒಡಿ ಬಗ್ಗೆ ಬರೆದದ್ದು ಓದಿದ ಮೇಲೆ, ಅವರು ನಿಯೋಜನೆ ಎಂದದ್ದು ನಿಜವಾಗಿ ಓಒಡಿಯೇ ಇರಬೇಕು ಎಂದು ಗೊತ್ತಾಯಿತು.

ಒಂದೂವರೆ ವರ್ಷ ಹಾಗೇ ಇತ್ತು. ನಾವು ಹೊರಗೆ ಖಾಸಗಿ ಲ್ಯಾಬ್‌ನಲ್ಲಿ ದುಡ್ಡು ಕೊಟ್ಟು ಮಾಡಿಸಿದೆವು. ನನ್ನ ಕೈಲಿ ಆಯಿತು. ನನ್ನ ಲೈನಿನಲ್ಲಿ ಹೊಲಿಯುವ ಹುಡುಗಿಯರ ತಾಯಂದಿರು ಪರೀಕ್ಷೆಯನ್ನೇ ಬಿಟ್ಟರು.

ನೀವು ಹೋಗಿ ಕಲಿಯಿರಿ ತಂಗಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಟೇಬಲ್ ಕೆಲಸ ಯಾರಿಗೆ ಎಂದು ತೀರ್ಮಾನ ಆಗುವ ತನಕ ಏಳಬೇಡಿ.

ರಾಯಚೂರಿನ ಮೇಷ್ಟ್ರು, ಈಗ ಕೆಂಗೇರಿ

ಪೀಣ್ಯದ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಶಾಲಾ ಶಿಕ್ಷಕ. ಶಿಕ್ಷಣ ಹಕ್ಕು ಕಾಯ್ದೆ 2009ರ 27ನೇ ಕಲಂ ಪ್ರಕಾರ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟಕ್ಕೆ ಬಿಟ್ಟರೆ ಶಿಕ್ಷಕರನ್ನು ಬೋಧನೆ ಅಲ್ಲದ ಕೆಲಸಕ್ಕೆ ಹಾಕುವಂತಿಲ್ಲ. ಆದರೂ ಕಚೇರಿಗಳಲ್ಲಿ ಡೇಟಾ ತುಂಬುತ್ತಾ ಕೂತ ಮೇಷ್ಟ್ರುಗಳನ್ನು ನಾನು ನೋಡಿದ್ದೇನೆ. ಅವರ ತರಗತಿಯನ್ನು ಪಕ್ಕದ ತರಗತಿ ಜೊತೆ ಸೇರಿಸಿರುತ್ತಾರೆ, ಅಷ್ಟೇ.

ನಮ್ಮೂರ ಕಡೆ ಇನ್ನೊಂದು ನೋವಿದೆ. ಸಂವಿಧಾನದ 371ಜೆ ವಿಧಿ ಬಂದು 2013ರಿಂದ ಕಲ್ಯಾಣ ಕರ್ನಾಟಕಕ್ಕೆ ಸ್ಥಳೀಯ ವೃಂದ ಆಯಿತು. ನಮ್ಮ ಹುಡುಗರಿಗೆ ಕೆಲಸ ಸಿಗಲಿ, ಅಲ್ಲಿನ ಕಚೇರಿಗಳು ತುಂಬಲಿ ಎಂದು ಎಷ್ಟು ವರ್ಷದ ಹೋರಾಟ ಅದು. ಆ ವೃಂದದಲ್ಲಿ ಆಯ್ಕೆಯಾಗಿ, ನಿಯೋಜನೆ ಹಿಡಿದು ಬೆಂಗಳೂರಿಗೆ ಬಂದುಬಿಟ್ಟರೆ ಅಲ್ಲಿ ಮತ್ತೆ ಖಾಲಿ ಕುರ್ಚಿಯೇ. ಮಕ್ಕಳ ಶಾಲೆ, ಹೆಂಡತಿಯ ಕೆಲಸ, ವಯಸ್ಸಾದವರ ಆಸ್ಪತ್ರೆ, ಎಲ್ಲರಿಗೂ ಕಾರಣ ಇರುತ್ತದೆ, ಗೊತ್ತು. ನಾನೂ ಬಂದವನೇ, ಪರೀಕ್ಷೆ ಬರೆದು ಬೇರೆ ನೇಮಕಾತಿಯಲ್ಲಿ. ಆದರೂ ಊರಿಗೆ ಹೋದಾಗ ತಾಲ್ಲೂಕು ಕಚೇರಿಯಲ್ಲಿ ಒಬ್ಬರೇ ಮೂರು ಟೇಬಲ್ ನೋಡುವುದು ಕಂಡರೆ ಸಂಕಟ ಆಗುತ್ತದೆ.

ಯಶವಂತಪುರ ಎಫ್‌ಡಿಎ

ಎಲ್ಲರಿಗೂ ತುಂಬಾ ಧನ್ಯವಾದ. ಉತ್ತರ ತಡ ಆಯಿತು. ಮೂರು ವಾರದಲ್ಲಿ ಏನಾಯಿತು ಎಂದು ಹೇಳುತ್ತೇನೆ.

ನಾನು ಓಒಡಿ ಮೇಲೆ ಬರುವುದಿಲ್ಲ, ನಿಯೋಜನೆ ಕೋರಿಕೆ ಪತ್ರ ನಮ್ಮ ಇಲಾಖೆಗೆ ಕಳಿಸಿ ಎಂದು ಆ ಸಂಸ್ಥೆಗೆ ಲಿಖಿತವಾಗಿ ಕೊಟ್ಟೆ. ಮೊದಲು ಬೇಜಾರು ಮಾಡಿಕೊಂಡರು. ಇಷ್ಟು ನಿಯಮ ನೋಡಿದರೆ ಕೆಲಸ ಆಗುವುದಿಲ್ಲ ಎಂದರು. ಒಂದು ವಾರ ಸುಮ್ಮನಿದ್ದರು. ಆಮೇಲೆ ಪತ್ರ ಬಂತು. ಈಗ ಕಡತ ನಮ್ಮ ಆಡಳಿತ ಶಾಖೆಯಲ್ಲಿದೆ. ಪ್ರೊಬೇಷನ್ ಘೋಷಣೆ ಸೇವಾ ಪುಸ್ತಕದಲ್ಲಿ ಇದೆ. ಅಕೌಂಟ್ಸ್ ಹೈಯರ್ ನಾಲ್ಕು ವರ್ಷದ ಹಿಂದೆಯೇ ಮುಗಿಸಿದ್ದೆ, ಆದರೆ ಫಲಿತಾಂಶ ಸೇವಾ ಪುಸ್ತಕದಲ್ಲಿ ನಮೂದಾಗಿರಲಿಲ್ಲ! ನೀವು ಕೇಳದಿದ್ದರೆ ನಾನು ನೋಡುತ್ತಲೇ ಇರಲಿಲ್ಲ ಸರ್. ನಿನ್ನೆ ನಮೂದು ಮಾಡಿಸಿದೆ.

ಪೀಣ್ಯದ ಅಕ್ಕ, ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಟೇಬಲ್‌ಗೆ ಬರುವುದು ಅನುಕಂಪದ ನೌಕರಿಯ ಅರ್ಜಿಗಳು. ಗಂಡನನ್ನೋ ಅಪ್ಪನನ್ನೋ ಕಳೆದುಕೊಂಡವರು. ಒಂದು ತಿಂಗಳು ಯಾರೂ ನೋಡದಿದ್ದರೂ ಅವರಿಗೆ ಕಷ್ಟ. ನಮ್ಮ ಶಾಖೆಯ ಅಧೀಕ್ಷಕರ ಹತ್ತಿರ ಹೋಗಿ, ನನ್ನ ಟೇಬಲ್ ಯಾರಿಗೆ ಎಂದು ಟಿಪ್ಪಣಿಯಲ್ಲೇ ಬರೆಯಿರಿ, ಅಲ್ಲಿಯವರೆಗೆ ಬಿಡುಗಡೆ ಬೇಡ ಎಂದೆ. ಪಕ್ಕದ ಶಾಖೆಯ ಎಸ್‌ಡಿಎ ಒಬ್ಬರ ಹೆಸರು ಬರೆದಿದ್ದಾರೆ. ಹದಿನೈದು ದಿನ ನನ್ನ ಜೊತೆ ಕೂರುತ್ತಾರೆ.

ಕಡತ ಒಪ್ಪಿಗೆಯಾದರೆ ಬಿಡುಗಡೆ ದಿನ ಏನೇನು ನೋಡಿಕೊಳ್ಳಬೇಕು ಸರ್?

ನಿವೃತ್ತ ಅಧೀಕ್ಷಕ, ರಾಜಾಜಿನಗರ

ಬಹಳ ಸಂತೋಷ ಅಮ್ಮ. ನಿಮ್ಮ ಟೇಬಲ್ ವಿಷಯ ನಾನೇ ಮೊದಲು ಹೇಳಬೇಕಿತ್ತು, ಹೋಗುವವರ ಕಡತ ನೋಡಿ ನೋಡಿ ಅಭ್ಯಾಸ ಆಗಿಬಿಟ್ಟಿದೆ. ಪೀಣ್ಯದ ತಾಯಿಗೆ ನನ್ನ ನಮಸ್ಕಾರ.

ಅಪರಾಹ್ನ ಬಿಡುಗಡೆ ಎಂದು ಬರೆಸಿಕೊಳ್ಳಿ, ಮರುದಿನ ಬೆಳಿಗ್ಗೆ ಅಲ್ಲಿ ಹಾಜರಾಗಿ. ನಡುವೆ ಒಂದು ದಿನವೂ ಬಿಡಬೇಡಿ. ಕೊನೆ ವೇತನ ಪ್ರಮಾಣಪತ್ರದಲ್ಲಿ ಪ್ರಾನ್ ಸಂಖ್ಯೆ, ಕೆಜಿಐಡಿ ಪಾಲಿಸಿ ಸಂಖ್ಯೆ, ಸಾಲದ ಕಂತು ಇದ್ದರೆ ಅದು, ಎಲ್ಲ ಇದೆಯಾ ಎಂದು ನೀವೇ ಓದಿ. ಸೇವಾ ಪುಸ್ತಕ ಹೋಗುವ ಮೊದಲು ಮೊದಲ ಪುಟದಿಂದ ಕೊನೆ ಪುಟದವರೆಗೆ ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಡಿ. ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಸ್ಥಳ ತೋರಿಸಿ ಎಂದು ಮಾತೃ ಇಲಾಖೆಗೆ ಅರ್ಜಿ ಕೊಡಿ, ಆ ಅಕ್ಕನಿಗೆ ಆದ ಹಾಗೆ ಆಗಬಾರದು.

ಆಮೇಲೆ ಪ್ರಭಾರ ಪಟ್ಟಿ. ಬಾಕಿ ಇರುವ ಪ್ರತಿ ಅರ್ಜಿಯ ಕಡತ ಸಂಖ್ಯೆ, ಯಾವ ಹಂತದಲ್ಲಿದೆ, ಅರ್ಜಿದಾರರ ಫೋನ್ ನಂಬರ್. ಎರಡು ಪ್ರತಿ ಮಾಡಿ ಆ ಎಸ್‌ಡಿಎ ಸಹಿ ತೆಗೆದುಕೊಳ್ಳಿ. ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ.